ಹನ್ನೊಂದನೇ ಕ್ಯಾಪ್ಟನ್

"ನಿನ್ನ ಸರದಿ ಬೆರ್ತೊ, ಎತ್ತು," ಎಂದು ತೆರೊಯ್ ರಮ್ ಸುರಿದ ಗ್ಲಾಸನ್ನು ರುಪೆರ್ತೊನ ಮುಂದೆ ಹಿಡಿದ. ಹನ್ನೊಂದು ಜನಕ್ಕೆ ಗ್ಲಾಸು ಒಂದೇ. ಸೆಬು ದ್ವೀಪದಲ್ಲಿ ನಾಲ್ಕು ಜನ ಕುಡಿಯಲು ಕೂತರೆ ಹಾಗೇ. ಒಬ್ಬ ಸುರಿಯುತ್ತಾನೆ, ಉಳಿದವರು ಒಬ್ಬರಾದ ಮೇಲೊಬ್ಬರು ಅದೇ ಗ್ಲಾಸು ಖಾಲಿ ಮಾಡಿ ಹಿಂದಿರುಗಿಸುತ್ತಾರೆ. ಆದರೆ ಆ ಭಾನುವಾರ ತೆರೊಯ್ ಮನೆಯ ಹಿತ್ತಲಲ್ಲಿ ನಡೆದದ್ದು ಬರೀ ಕುಡಿತವಾಗಿರಲಿಲ್ಲ, ಆಣೆಯಾಗಿತ್ತು. ಆ ಗ್ಲಾಸು ಮುಟ್ಟಿದವನು ಜೆಟ್ ಕೊಡಿ ಎಂದು ಕೇಳಿಕೊಂಡು ಆಫೀಸಿನ ಮೆಟ್ಟಿಲು ಹತ್ತಕೂಡದು.

ಹನ್ನೊಂದು ಜನವೂ ಪಂಖದ ವಿಮಾನದ ಕ್ಯಾಪ್ಟನ್‌ಗಳು. ಕಂಪನಿ ಬೆಳೆಯುತ್ತಿತ್ತು. ಆರು ಹೊಸ ಜೆಟ್‌ಗಳು ಸೆಬುವಿಗೆ ಬರುತ್ತಿದ್ದವು, ಪಂಖದ ವಿಮಾನಗಳೆಲ್ಲ ಸಮುದ್ರದಾಚೆಯ ದಾವಾವೊಗೆ ಹೋಗುತ್ತಿದ್ದವು. ಜೆಟ್ ಬೇಕೆನ್ನುವವರು ಶನಿವಾರದೊಳಗೆ ಬಂದು ಹೇಳಬೇಕು, ಬೇಡವಾದವರು ದಾವಾವೊಗೆ ಗಂಟುಮೂಟೆ ಕಟ್ಟಬೇಕು.

"ಜೆಟ್ಟಲ್ಲಿ ಏನಿದೆ ಮಾರಾಯ? ಕಂಪ್ಯೂಟರೇ ಹಾರಿಸುತ್ತೆ, ನಾವು ಕಾಫಿ ಹೀರ್ತಾ ಕೂತಿರ್ಬೇಕು," ಎಂದ ದಪ್ಪನೆಯ ಪಾಬ್ಲಿತೊ, ಹುರಿದ ಹಂದಿಯ ಗರಿಗರಿ ಚರ್ಮ ಮುರಿಯುತ್ತ.

"ಅದೇ ಕಣೋ ಬೇಕಾಗಿರೋದು. ದಿನಕ್ಕೆ ಆರು ಸಲ ಇಳಿಸಿ ಇಳಿಸಿ ನನ್ನ ಸೊಂಟದ ಕೀಲೆಲ್ಲ ಸಡಿಲ ಆಗಿದೆ. ಕಾಮಿಗಿನ್‌ದು ರನ್‌ವೇ ಏನೋ ಅದು? ಯಾರದೋ ಮನೆ ಅಂಗಳ!" ಎಂದ ಇನ್ನೊಬ್ಬ.

"ಜೆಟ್‌ನವರ ರೋಸ್ಟರ್ ನೋಡಿದೀಯಾ? ಬೆಳಿಗ್ಗೆ ಹಾಂಗ್‌ಕಾಂಗ್, ಮಧ್ಯಾಹ್ನ ಮನೆ. ಹೆಂಡ್ತಿ ಮಾಡಿದ ಸಾರು ಆರೋದ್ರೊಳಗೆ ವಾಪಸ್."

"ನಿನ್ನ ಹೆಂಡ್ತಿ ಸಾರು ಆರಿ, ಹಳಸಿ, ಚೆಲ್ಲಿದ ಮೇಲೆ ಹೋಗೋದೇ ವಾಸಿ!"

ಎಲ್ಲರೂ ಘೊಳ್ಳೆಂದು ನಕ್ಕರು. ತೆರೊಯ್ ಮಾತ್ರ ನಗಲಿಲ್ಲ. ಅವರೆಲ್ಲರಿಗಿಂತ ಹಿರಿಯ ಅವನೇ. ತೊಡೆ ತಟ್ಟಿ ಎದ್ದು ನಿಂತ. "ತಮಾಷೆ ಸಾಕು ಮಾಡ್ರೋ. ಇಪ್ಪತ್ತು ವರ್ಷ ಎಡಗಡೆ ಕ್ಯಾಪ್ಟನ್ ಕುರ್ಚೀಲಿ ಕೂತವರು ನಾವು. ಈಗ ಜೆಟ್ ಬೇಕಾದ್ರೆ ಎರಡು ವರ್ಷ ಬಲಗಡೆ ಕೂತ್ಕೋಬೇಕಂತೆ, ಮೀಸೆ ಚಿಗುರದ ಕ್ಯಾಪ್ಟನ್‌ಗಳಿಗೆ 'ಎಸ್ ಸರ್' ಅನ್ನಬೇಕಂತೆ. ಮಾನ ಇದ್ಯೇನ್ರೋ? ಒಬ್ಬನೂ ಹೋಗಬೇಡಿ. ಹನ್ನೊಂದೂ ಜನ ಬೇಡ ಅಂದ್ರೆ ಜೆಟ್ಟನ್ನ ಯಾರ ಕೈಲಿ ಹಾರಿಸ್ತಾರೆ, ಅವರಪ್ಪನ ಕೈಲಾ? ಎಡಗಡೆ ಕುರ್ಚಿ ಕೊಟ್ಟು, ಕೈ ಮುಗಿದು ಕರೀತಾರೆ."

ಮಾತು ನಾಟಿತು. ರುಪೆರ್ತೊಗೂ ನಾಟಿತು. ದಾವಾವೊ ಎಂಬ ಹೆಸರು ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿದ್ದರೂ, ತೆರೊಯ್ ಹೇಳಿದ ಮೇಲೆ ಎದುರಾಡುವುದುಂಟೇ? ತನ್ನ ಮಗನಿಗೆ ಚರ್ಚಿನಲ್ಲಿ ಹೆಸರಿಟ್ಟಾಗ ಎತ್ತಿ ಹಿಡಿದ ಧರ್ಮಪಿತ ಅವನು. ರುಪೆರ್ತೊ ಒಂದೇ ಗುಟುಕಿಗೆ ಗ್ಲಾಸು ಬರಿದು ಮಾಡಿದ.

ಮನೆಗೆ ಬಂದು ಹೇಳಿದಾಗ ಹೆಂಡತಿ ಫೆಲಿಸಾ ಅಕ್ಕಿ ತೊಳೆಯುತ್ತಿದ್ದವಳು ಪಾತ್ರೆಯನ್ನು ಕುಕ್ಕಿದಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಬಲಗಡೆ ಕೂತ್ರೆ ವಿಮಾನ ಮುಂದಕ್ಕೆ ಹೋಗಲ್ವಾ? ಹಿಂದಕ್ಕೆ ಹೋಗುತ್ತಾ?"

"ಎಲ್ಲರೂ ಒಂದಾಗಿ ನಿಂತರೆ…"

"ಎಲ್ಲರ ಮನೇಲೂ ನೋಯೆಲ್ ಇದಾನಾ?"

ಮಗ ನೋಯೆಲ್‌ಗೆ ಇಪ್ಪತ್ತಮೂರು ತುಂಬಿತ್ತು. ಅಪ್ಪನಿಗಿಂತ ಗೇಣುದ್ದ ಎತ್ತರ, ಬರುವ ಮಾತು ಐದಾರು. ಜೋರಾಗಿ ಬಾಗಿಲು ಬಡಿದರೂ ಸಾಕು, ಬೆದರಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಆಗ ಹಿಂದಿನಿಂದ ಬಳಸಿ, ಉಸಿರು ಹದಕ್ಕೆ ಬರುವ ತನಕ ಬಿಗಿಯಾಗಿ ಅಪ್ಪಿ ಹಿಡಿಯಬೇಕು. ಗುಬ್ಬಚ್ಚಿಯಂಥ ಫೆಲಿಸಾಳಿಂದ ಅದಾಗುತ್ತಿರಲಿಲ್ಲ. ಒಮ್ಮೆ ಪ್ರಯತ್ನಿಸಿ ಮುಂಗೈ ಮುರಿದುಕೊಂಡಿದ್ದಳು. ಅವನನ್ನು ಕರೆದುಕೊಂಡು ದಾವಾವೊಗೆ ಹೋಗೋಣವೆಂದರೆ ಅದೂ ಆಗದ ಮಾತು. ಹಿಂದೆ ಎರಡು ಬೀದಿ ಆಚೆಗೆ ಮನೆ ಬದಲಿಸಿದ್ದಕ್ಕೇ ಅನ್ನ ಬಿಟ್ಟು, ಹಳೇ ಮನೆಯ ಗೇಟಿನ ಮುಂದೆ ಹೋಗಿ ಕೂತುಬಿಡುತ್ತಿದ್ದ. ಕೊನೆಗೆ ದುಬಾರಿ ಬಾಡಿಗೆ ತೆತ್ತು ಹಳೇ ಮನೆಗೇ ಮರಳಿದ್ದರು.

"ನಿನ್ನ ಮಾತು ದೊಡ್ಡದು ಇರಬಹುದು. ನಾನು ಬೇಡ ಅನ್ನಲ್ಲ," ಎಂದಳು ಫೆಲಿಸಾ, ಈಗ ತಗ್ಗಿದ ದನಿಯಲ್ಲಿ. "ಆದ್ರೆ ಅವನು ಗೋಡೆಗೆ ಹಾಯುವಾಗ ನಿನ್ನ ಮಾತು ಬಂದು ಹಿಡ್ಕೊಳ್ಳುತ್ತಾ? ಹೋಗಿ ಕೇಳು ಬೆರ್ತೊ. ಕಾಲಿಗೆ ಬೇಕಾದ್ರೂ ಬೀಳು."

ಮೂರು ದಿನ ರುಪೆರ್ತೊ ಒದ್ದಾಡಿದ. ವಿಮಾನ ಇಳಿಸುವಾಗ ಅದೇ, ಏರಿಸುವಾಗಲೂ ಅದೇ ಯೋಚನೆ. ಕ್ಯಾಂಟೀನಿನಲ್ಲಿ ಸಿಕ್ಕ ಗೆಳೆಯರು "ಗಟ್ಟಿಯಾಗಿರು ಮಾರಾಯ" ಎಂದು ಬೆನ್ನು ತಟ್ಟಿದಾಗ ಮೈ ಹಿಡಿಯಾಗುತ್ತಿತ್ತು. ಹತ್ತು ಜನರ ಬೆನ್ನಿಗೆ ಚೂರಿ ಹಾಕುವ ಪಾಪಿ ತಾನೊಬ್ಬನೇ ಎಂದು ಕೊರಗಿದ. ಗುರುವಾರ, ಆಣೆಯೂ ಬೇಡ, ಮರ್ಯಾದೆಯೂ ಬೇಡ ಎಂದುಕೊಂಡು, ಯಾರಿಗೂ ಕಾಣದಂತೆ ಹಿಂಬಾಗಿಲಿನ ಮೆಟ್ಟಿಲಿನಿಂದ ಆಫೀಸಿಗೆ ಹೋದ.

ಯಾವ ವಿಮಾನಕ್ಕೆ ಯಾರು ಎಂದು ತೀರ್ಮಾನಿಸುವವಳು ಕ್ಯಾಪ್ಟನ್ ಅಂಪಾರೊ. ಹಿಂದೆ ರುಪೆರ್ತೊನ ಬಲಗಡೆ ಕೂತು ಕಲಿತವಳು. ಅವನನ್ನು ಕಂಡದ್ದೇ ಕುರ್ಚಿಯಿಂದ ಎದ್ದಳು.

"ಬನ್ನಿ ಸರ್. ನೀವು ಯಾಕೆ ಬಂದಿದೀರಿ ಅಂತ ನಂಗೊತ್ತು."

ರುಪೆರ್ತೊ ಬಾಗಿಲಲ್ಲೇ ನಿಂತ. "ಗೊತ್ತಾ?"

"ಬೈಯೋಕೆ ತಾನೆ? ಬೈರಿ. ಆದ್ರೆ ನಾನೇನು ಮಾಡ್ಲಿ? ಇರೋದು ಹತ್ತು ಜಾಗ, ಹತ್ತೂ ನಿನ್ನೆಗೇ ತುಂಬಿಹೋಯ್ತು. ಸೋಮವಾರ ನಾನು ಬಂದು ಬಾಗಿಲು ತೆಗೆಯೋಕೆ ಮುಂಚೆನೇ ಕ್ಯಾಪ್ಟನ್ ತೆರೊಯ್ ಇಲ್ಲಿ ನಿಂತಿದ್ರು. ಮಧ್ಯಾಹ್ನ ಪಾಬ್ಲಿತೊ. ಒಬ್ಬರಿಗೆ ತಿಳೀದ ಹಾಗೆ ಒಬ್ಬರು, ಎಲ್ಲರೂ ಹಿಂಬಾಗಿಲಿಂದಲೇ. ಎಲ್ಲರದೂ ಒಂದೇ ಮಾತು, 'ಆಣೆ ಹಾಕಿದೀವಿ, ಉಳಿದವರಿಗೆ ಹೇಳಬೇಡಿ.' ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ."

ಅವನು ಕುರ್ಚಿಯ ಕೈ ಹಿಡಿದುಕೊಂಡ. ಭಾನುವಾರದ ರಮ್ಮಿನ ಘಾಟು ಆರುವ ಮೊದಲೇ! ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಕಳ್ಳತನಕ್ಕೆ ಕೂಡ ತಾನು ಕೊನೆಯವನಾಗಿ ಬಂದಿದ್ದ.

"ನೀವೊಬ್ಬರೇ ಸರ್," ಅಂಪಾರೊಳ ದನಿ ಮೆತ್ತಗಾಯಿತು. ಕಣ್ಣು ಒದ್ದೆಯಾಗಿತ್ತು, ನಾಟಕವಲ್ಲ. "ಕೊಟ್ಟ ಮಾತಿಗೆ ನಿಂತವರು ನೀವೊಬ್ಬರೇ. ನಿಮ್ಮ ಹತ್ರ ಕಲಿತೆ ಅಂತ ಹೇಳ್ಕೊಳ್ಳೋಕೆ ನಂಗೆ ಹೆಮ್ಮೆ. ಯಾರಾದ್ರೂ ಪರೀಕ್ಷೇಲಿ ಬಿದ್ರೆ ಒಂದು ಜಾಗ ಖಾಲಿಯಾಗಬಹುದು. ಆದ್ರೆ ನಿಮ್ಮನ್ನ ಅದಕ್ಕೆ ಕೇಳಿ ಅವಮಾನ ಮಾಡಲ್ಲ ಬಿಡಿ."

ಹೇಳಬೇಕಾದದ್ದು ಮೂರೇ ಮಾತು: ನಂಗೂ ಬೇಕಮ್ಮ, ಬರ್ಕೋ. ಅದು ನಾಲಗೆಯ ತುದಿಗೆ ಬಂದಿತ್ತು. ಆದರೆ ಇಷ್ಟು ವರ್ಷಗಳ ಕೆಲಸದಲ್ಲಿ ಅವನನ್ನು ಯಾರೂ ಹಾಗೆ ನೋಡಿರಲಿಲ್ಲ. ಆ ಕಣ್ಣುಗಳ ಮುಂದೆ ಹನ್ನೊಂದನೇ ಕಳ್ಳನಾಗಲು ಅವನಿಂದಾಗಲಿಲ್ಲ.

"ಬೈಯೋದೇನಮ್ಮ," ಎಂದ. "ರಜ ಕೇಳೋಣ ಅಂತ ಬಂದಿದ್ದೆ. ದಾವಾವೊದಲ್ಲಿ ಮನೆ ನೋಡಬೇಕಲ್ಲ."

ಅವನೊಬ್ಬನೇ ಆಣೆಗೆ ನಿಂತ ಸುದ್ದಿ ಅವನಿಗಿಂತ ಮೊದಲೇ ಕ್ಯಾಂಟೀನು ತಲುಪಿತ್ತು. ಹತ್ತು ಜನರೂ ತಟ್ಟೆ ನೋಡುತ್ತ ಉಂಡರು. ಕೊನೆಗೆ ತೆರೊಯ್ ಎದ್ದು ಬಂದು ಪಕ್ಕದಲ್ಲಿ ಕೂತ.

"ನಿನ್ನ ಮುಖ ನೋಡೋಕೆ ನಾಚ್ಕೆ ಆಗುತ್ತೆ ಕಣೋ. ಗಂಡಸು ಅಂದ್ರೆ ನೀನು."

"ನೋಯೆಲ್ ವಿಷಯ ನಿಂಗೆ ಗೊತ್ತಿತ್ತಲ್ಲ ತೆರೊಯ್."

"ಗೊತ್ತಿತ್ತು. ಅದಕ್ಕೇ, ಎಲ್ಲರಿಗಿಂತ ಮೊದಲು ಹೋಗೋನು ನೀನೇ ಅಂದ್ಕೊಂಡಿದ್ದೆ," ಎಂದ ತೆರೊಯ್, ನಿಜಕ್ಕೂ ಗಾಬರಿಯಾಗಿ. "ಕುಡಿದಾಗ ಆಡಿದ ಮಾತಪ್ಪ ಅದು! ನೀನೊಬ್ಬ ಅದನ್ನ ನಿಜ ಅಂತ ತಗೋತೀಯ ಅಂತ ಯಾರಿಗೆ ಗೊತ್ತಿತ್ತು?"

ಮುಖಕ್ಕೆ ಉಗಿಯಬೇಕೆನ್ನಿಸಿತು. ಆದರೆ ಯಾವ ಬಾಯಲ್ಲಿ ಉಗಿಯುವುದು? ರುಪೆರ್ತೊ ಅನ್ನ ಕಲಸಿ ಉಂಡ. ಆಮೇಲೆ ಹತ್ತೂ ಜನ ಚಂದಾ ಎತ್ತಿ ಬೀಳ್ಕೊಡುಗೆಗೆ ಒಂದು ಕೈಗಡಿಯಾರ ಕೊಡಿಸಿದರು. ಮನೆಯಲ್ಲಿ ಫೆಲಿಸಾಳಿಗೆ, "ಕೇಳಿದೆ, ಆಗಲೇ ಜಾಗ ತುಂಬಿಹೋಗಿತ್ತು," ಎಂದಷ್ಟೇ ಹೇಳಿದ. ಅರ್ಧ ಸುಳ್ಳು. ಅವಳು "ಕೇಳಿದೆಯಲ್ಲ, ಅಷ್ಟು ಸಾಕು. ನಮ್ಮ ಹಣೇಬರಹ," ಎಂದು ಅವನ ಬಟ್ಟೆಗಳನ್ನು ಮಡಚಿದಳು.

ದಾವಾವೊದಲ್ಲಿ ರೋಸ್ಟರ್ ಬಿಗಿಯಾಗಿತ್ತು. ಬೆಳೆಯುವ ಕಂಪನಿಗೆ ಜನ ಸಾಲದು. ಇವತ್ತು ನಾಳೆ ಎನ್ನುತ್ತಾ ರಜ ಮುಂದೆ ಹೋಯಿತು. ಮೊದಲ ವಾರಗಳಲ್ಲಿ ಫೋನಿನಲ್ಲಿ ಗೋಡೆಗೆ ತಲೆ ಬಡಿಯುವ ಸದ್ದು ಕೇಳುತ್ತಿತ್ತು, ಫೆಲಿಸಾಳ ಅಳುವೂ. ಆಮೇಲೊಂದು ದಿನ ಸದ್ದು ನಿಂತಿತು. "ಬಂದರಿನಲ್ಲಿ ಮೂಟೆ ಹೊರ್ತಿದ್ದ ಇಸ್ಕೊ ಅಂತ. ನೋಯೆಲ್‌ನ ನೋಡ್ಕೊಳ್ಳೋಕೆ ದಿನಾ ಬರ್ತಾನೆ," ಎಂದಳು.

ಮಳೆಗಾಲ ಮುಗಿದ ಮೇಲೆ ನಾಲ್ಕು ದಿನದ ರಜ ಸಿಕ್ಕಿತು. ನೋಯೆಲ್‌ಗೆ ಇಷ್ಟವೆಂದು ದಾವಾವೊದಿಂದ ದುರಿಯನ್ ಹಣ್ಣಿನ ಮಿಠಾಯಿ ಹಿಡಿದು ರುಪೆರ್ತೊ ಮನೆಗೆ ಬಂದಾಗ ಸಂಜೆಯಾಗಿತ್ತು. ಬಾಗಿಲ ಬಳಿ ದೊಡ್ಡ ರಬ್ಬರ್ ಚಪ್ಪಲಿಗಳು. ಒಳಗೆ ಅಗಲ ಭುಜದ ಗಂಡಸೊಬ್ಬ ನೋಯೆಲ್‌ನ ಒದ್ದೆ ತಲೆ ಒರೆಸುತ್ತಿದ್ದ. ನೋಯೆಲ್ ಕಣ್ಣು ಮುಚ್ಚಿ, ತಲೆಯನ್ನು ಅವನ ಹೊಟ್ಟೆಗೆ ಆನಿಸಿ ಕೂತಿದ್ದ. ಹಣೆಯ ಗಾಯಗಳು ಮಾಗಿದ್ದವು.

ಫೆಲಿಸಾ ನೀರು ತಂದುಕೊಟ್ಟಳು. ಅಡಿಗೆಮನೆಗೆ ಹಿಂಬಾಲಿಸಿದವನಿಗೆ ಬೆನ್ನು ಹಾಕಿಯೇ ಮಾತಾಡಿದಳು.

"ಅಂಪಾರೊ ಚರ್ಚಿನಲ್ಲಿ ಸಿಕ್ಕಿದ್ಲು."

ಅವನು ಗ್ಲಾಸು ಕೆಳಗಿಟ್ಟ.

"ಪಾಬ್ಲಿತೊಗೆ ಹಾರ್ಟ್ ಪ್ರಾಬ್ಲಮ್ ಅಂತ ವೈದ್ಯರು ತಡೆದ್ರಂತೆ. ನೀನು ಹೋಗಿ ತಿಂಗಳು ಕೂಡ ಆಗಿರಲಿಲ್ಲ. ಆ ಜಾಗಕ್ಕೆ ಮನಿಲಾದಿಂದ ಯಾರನ್ನೋ ಕರೆಸಿದ್ರಂತೆ. 'ನಿಮ್ಮ ಗಂಡ ಒಂದು ಮಾತು ಹೇಳಿದ್ರೂ ಅವರಿಗೇ ಇಡ್ತಿದ್ದೆ. ಆದ್ರೆ ಅವರು ಕೇಳೋ ಪೈಕಿ ಅಲ್ಲ, ಅವತ್ತು ರಜ ಕೇಳೋಕೆ ಅಂತ ಬಂದಿದ್ರು ಅಷ್ಟೇ' ಅಂದ್ಲು. ಪಾಪ, ಮೆಚ್ಕೊಂಡೇ ಹೇಳಿದ್ಲು. ಅಂಥ ಗಂಡನ್ನ ಪಡೆಯೋಕೆ ಪುಣ್ಯ ಮಾಡಿರಬೇಕಂತೆ ನಾನು."

"ಫೆಲಿಸಾ, ನಾನು ಕೇಳೋಕೇ ಹೋಗಿದ್ದು. ದೇವರಾಣೆ. ಬಾಯಿ ಬರಲಿಲ್ಲ."

"ನಂಗೊತ್ತಾಯ್ತು," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನಾನೂ 'ಹೌದು, ಅವರು ಹಾಗೇ' ಅಂದು ಬಂದೆ. ಊಟಕ್ಕೆ ಬಾ, ಇಸ್ಕೊ ಹೊರಡೋ ಹೊತ್ತಾಯ್ತು."

ಇಸ್ಕೊ ಚಪ್ಪಲಿ ಮೆಟ್ಟಿದಾಗ ನೋಯೆಲ್ ಗೇಟಿನವರೆಗೂ ಅವನ ಅಂಗಿಯ ಚುಂಗು ಹಿಡಿದು ಹೋದ. "ನಾಳೆ ಬರ್ತೀನಿ ದೊರೆ, ಬಿಡು," ಎಂದು ಇಸ್ಕೊ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಕತ್ತಲಲ್ಲಿ ಮರೆಯಾದ. ನೋಯೆಲ್ ಗೇಟಿನ ಒಳಗಿದ್ದ ಬೆಂಚಿನ ನಡುವೆ, ಬೀದಿಯ ಕಡೆ ಮುಖ ಮಾಡಿ ಕೂತ.

ರುಪೆರ್ತೊ ಮಿಠಾಯಿ ಪೊಟ್ಟಣ ಬಿಚ್ಚಿ, ಮೆಲ್ಲಗೆ ಹೋಗಿ ಅವನ ಮುಂದೆ ನಿಂತ. ಮಗ ತಲೆಯೆತ್ತಿ ನೋಡಿದ. ಬೆದರಲಿಲ್ಲ, ಮುಖ ತಿರುಗಿಸಲೂ ಇಲ್ಲ. ಮನೆಗೆ ಬಂದ ನೆಂಟರಿಗೆ ಜಾಗ ಬಿಡುವಂತೆ ಬೆಂಚಿನ ತುದಿಗೆ ಸರಿದು, ಮತ್ತೆ ಬೀದಿ ನೋಡತೊಡಗಿದ.