ಹನ್ನೊಂದನೇ ಬಾಗಿಲು

"ಬಾಗಿಲ ಹತ್ತಿರ ಹೋಗ್ಬೇಡ ಮಾರಾಯ," ಎಂದು ಇದಿನಬ್ಬ ಪಿಸುಗುಟ್ಟಿದ. ಉಗ್ಗಪ್ಪ ಆಗಲೇ ಮಂಚದಡಿಯಿಂದ ಪೈಪ್ ರೆಂಚ್ ಎಳೆದುಕೊಂಡಿದ್ದ.

ಸೌದಿಯ ಖತೀಫಿನ ಹೊರಗಿದ್ದ ಆ ಕೂಲಿಗಳ ಕ್ಯಾಂಪಿನಲ್ಲಿ ನಾಲ್ಕು ಸಾಲು ತಗಡಿನ ಕೋಣೆಗಳು, ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಗುರುವಾರ ನೀರಿನ ಟ್ಯಾಂಕರಿನ ಮುಂದೆ ನಡೆದ ಜಗಳದಲ್ಲಿ ಇಂಡಿಯಾದ ಗಾರೆಯವನೊಬ್ಬ ಸಲಿಕೆ ಬೀಸಿದ್ದ. ಏಟು ತಿಂದ ಪಾಕಿಸ್ತಾನಿ, ಪೇಶಾವರದವನು, ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸತ್ತ. ಜುಮಾ ನಮಾಜು ಮುಗಿಯುವಷ್ಟರಲ್ಲಿ ಅವನ ಕಡೆಯವರ ಸೇಡು ಶುರುವಾಗಿತ್ತು. ಕಬ್ಬಿಣದ ಸರಳು ತಗಡಿಗೆ ಬಡಿದರೆ ಒಂದು ಸದ್ದು, ಮೂಳೆಗೆ ಬಡಿದರೆ ಇನ್ನೊಂದು. ಎರಡನೆಯದು ಮಂದ. ಅರ್ಧ ಗಂಟೆಯಲ್ಲಿ ಇದಿನಬ್ಬನಿಗೆ ಆ ವ್ಯತ್ಯಾಸ ತಿಳಿದಿತ್ತು.

ಕಿಟಕಿಯ ಸಂದಿನಿಂದ ಎದುರು ಸಾಲು ಕಾಣುತ್ತಿತ್ತು. ಇಂಡಿಯಾದವರಿದ್ದ ಬಾಗಿಲುಗಳ ಮೇಲೆ ಮಾತ್ರ ಸೀಮೆಸುಣ್ಣದ ಕತ್ತರಿ ಗುರುತು. ಒಡೆದದ್ದೂ ಅವನ್ನೇ.

"ಯಾವ ಕೋಣೆಯಲ್ಲಿ ಯಾರಿದ್ದಾರೆಂದು ಯಾರಿಗೆ ಗೊತ್ತು ಹೇಳಿ?" ಉಗ್ಗಪ್ಪ ಇದಿನಬ್ಬನತ್ತ ತಿರುಗಿದ. "ನಿಮ್ಮ ಚಾಚಾನಿಗೆ. ಆರು ವರ್ಷ ಅನ್ನ ತಂದವ ಇವತ್ತು ಚಟ್ಟ ತರ್ತಾನೆ, ಬ್ಯಾರಿಗಳೇ."

ಚಾಚಾ ಎಂದರೆ ಕರಾಚಿಯ ಶಂಸುದ್ದೀನ್, ಮೆಸ್ಸಿನ ಮುದುಕ. ಪ್ರತಿ ಊಟದ ಡಬ್ಬಿಗೂ ಹೆಸರು, ಕೋಣೆಯ ನಂಬರು ಕೊರೆದ ಒಂದೊಂದು ತಗಡಿನ ಬಿಲ್ಲೆ. ಎಲ್ಲವನ್ನೂ ತಂತಿಗೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಗಲಗಲ ಎನ್ನುತ್ತ ಬರುತ್ತಿದ್ದ.

"ಬಾಗಿಲಿಗೇ ಬರೆದಿಟ್ಟರೆ ಮುಗೀತಲ್ಲ ಚಾಚಾ, ಎತ್ತಿನ ಗೆಜ್ಜೆಯ ಹಾಗೆ ಇದೆಂತ?" ಎಂದು ಇದಿನಬ್ಬ ಒಮ್ಮೆ ಕೆಣಕಿದ್ದ.

"ಬಾಗಿಲಿಗೆ ಬರೆಯುವುದಿಲ್ಲ, ಬೇಟಾ. ನಲವತ್ತಾರರಲ್ಲಿ ಬರೆದದ್ದೇ ಸಾಕು. ಪಟ್ನಾದ ಹತ್ತಿರ ನಮ್ಮೂರು. ಇಂಗ್ಲಿಷರ ಕಾಲದ ಚುನಾವಣೆ. ನಾನು ಮುಸ್ಲಿಂ ಲೀಗಿನ ವಾಲಂಟಿಯರ್. ಪಾಕಿಸ್ತಾನಕ್ಕೇ ಓಟು ಎಂದವರ ಬಾಗಿಲಿಗೆಲ್ಲ ಹಸಿರು ಚಂದ್ರ ಬರೆದೆ, ಮಳೆಗೆ ಹೋಗಬಾರದೆಂದು ಎಣ್ಣೆ ಬಣ್ಣದಲ್ಲಿ. ಅಕ್ಕನ ಮನೆಗೆ ಎಲ್ಲಕ್ಕಿಂತ ದೊಡ್ಡದು. ಆ ವರ್ಷವೇ ಗಲಭೆ. ಪಂಜು ಹಿಡಿದು ಬಂದವರು ಯಾರನ್ನೂ ವಿಳಾಸ ಕೇಳಬೇಕಾಗಲಿಲ್ಲ."

"ದೇಶವಾದರೂ ಸಿಕ್ಕಿತಲ್ಲ?"

"ಸಿಕ್ಕಿತು. ನಮ್ಮ ಗಲ್ಲಿ ಅದರಲ್ಲಿರಲಿಲ್ಲ."

ಈಗ ಅವರದೇ ಬಾಗಿಲ ಹೊರಗೆ ಸದ್ದಾಯಿತು. ಎದೆಯ ಎತ್ತರದಲ್ಲಿ ತಗಡಿನ ಮೇಲೆ ಏನೋ ಓರೆಯಾಗಿ ಸರಿಯಿತು, ಮತ್ತೆ ಸರಿಯಿತು. ಜೊತೆಗೆ ಏದುಸಿರು.

"ಬರೀತಿದ್ದಾನೆ," ಎಂದ ಉಗ್ಗಪ್ಪ.

"ಚಾಚಾ ಬರೆಯುವುದಿಲ್ಲ. ನಿಲ್ಲು!"

ಇದಿನಬ್ಬ ಅವನ ಅಂಗಿ ಹಿಡಿದ. ಅಂಗಿ ಹರಿಯಿತು. ಉಗ್ಗಪ್ಪ ಚಿಲಕ ಎಳೆದು, ಬಿಸಿಲಿಗೆ ಕಣ್ಣು ಹೊಂದಿಕೊಳ್ಳುವ ಮೊದಲೇ, ಎದುರಿಗೆ ಕಂಡ ತಲೆಗೆ ರೆಂಚ್ ಬೀಸಿದ. ಸದ್ದು ಮಂದವಾಗಿತ್ತು.

ಮುದುಕ ಹೊಸ್ತಿಲ ಮೇಲೆ ಬಿದ್ದ. ಅವನ ಕೊರಳಲ್ಲಿ ಬಿಲ್ಲೆಗಳಿರಲಿಲ್ಲ. ತಂತಿಯನ್ನು ಯಾರೋ ಬಲವಾಗಿ ಎಳೆದು ಕಿತ್ತ ಕೆಂಪು ಗೀರು ಸುತ್ತಲೂ ಇತ್ತು. ಬಲಗೈಯಲ್ಲಿ ಒದ್ದೆ ಬಟ್ಟೆ, ಅದರಿಂದ ಸೀಮೆಸುಣ್ಣದ ಬಿಳಿ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲ ಮೇಲೆ ಕತ್ತರಿ ಗುರುತಿನ ಒಂದು ಗೆರೆ ಮಾತ್ರ ಉಳಿದಿತ್ತು. ಈ ಸಾಲಿನ ಮೊದಲ ಹತ್ತು ಬಾಗಿಲುಗಳು ಒದ್ದೆಯಾಗಿ, ಖಾಲಿಯಾಗಿ ಹೊಳೆಯುತ್ತಿದ್ದವು.

"ಬ್ಯಾರಿಗಳೇ, ನಾನು... ಬರೀತಿದ್ದಾನೆ ಅಂತ..."

ಮುದುಕನ ಬಾಯಿ ಎರಡು ಸಲ ತೆರೆಯಿತು. ಮತ್ತೆ ತೆರೆಯಲಿಲ್ಲ.

ಸಾಲಿನ ತುದಿಯಲ್ಲಿ ಸರಳುಗಳ ಸದ್ದು ತಿರುಗಿ ಇತ್ತ ಬರುತ್ತಿತ್ತು. ಇದಿನಬ್ಬ ಮುದುಕನನ್ನು ಒಳಗೆಳೆದು ಚಾಪೆಯ ಮೇಲೆ ಮಲಗಿಸಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಈಗ ನೆತ್ತರು ಹತ್ತಿದ್ದ ಬಟ್ಟೆಯನ್ನು ತೆಗೆದುಕೊಂಡ. ಉಳಿದಿದ್ದ ಗೆರೆಯನ್ನು ಒರೆಸಿದ. ಅದು ಕೆಂಪಾಗಿ ಹರಡಿತು. ಇನ್ನೊಮ್ಮೆ ಒರೆಸಿದ.

ಬಟ್ಟೆಯ ಒಂದು ಮೂಲೆ ಮಾತ್ರ ಇನ್ನೂ ಬೆಳ್ಳಗಿತ್ತು. ಅದು ಹೊರಗೆ ಬರುವಂತೆ ಮಡಚಿಕೊಂಡು ಅವನು ಹನ್ನೆರಡನೇ ಬಾಗಿಲಿಗೆ ನಡೆದ.