ಜೇನಿನ ಬಣ್ಣ

ಅಯೋಡಿನ್ನಿನ ಹನಿ ಬಿದ್ದದ್ದೇ ತಡ, ಪಿಂಗಾಣಿ ತಟ್ಟೆಯ ಗುಳಿಯಲ್ಲಿದ್ದ ಜೇನು ಕಡುನೀಲಿಗೆ ತಿರುಗಿತು. ಸುತ್ತ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿಯರು ಒಮ್ಮೆಗೇ ಮುಂದಕ್ಕೆ ಬಾಗಿದರು. ಗಂಜಿ, ಬಟಾಟೆ, ಕುಬೂಸ್ ರೊಟ್ಟಿ ನೀಲಿಯಾದದ್ದು ಸರಿ. ಅವುಗಳಲ್ಲಿ ಪಿಷ್ಟ ಇದ್ದೇ ಇದೆ. ಜೇನಿನಲ್ಲಿ ಪಿಷ್ಟಕ್ಕೇನು ಕೆಲಸ?

ಜೇನು ತಂದವಳು ಫರಾ. ಅವಳ ತಂದೆ ನೂರುದ್ದೀನ್ ಭಟ್ಕಳದವರು, ಸೌದಿ ಅರೇಬಿಯಾದ ಅಭಾ ಊರಿನ ಪೇಟೆಯಲ್ಲಿ ಜೇನಿನ ಅಂಗಡಿ ಇಟ್ಟವರು. ಊರ ಕಡೆಯವರೆಲ್ಲ ರಜೆಗೆ ಹೊರಡುವಾಗ ಅವರಲ್ಲೇ ಬಾಟಲಿ ಕಟ್ಟಿಸಿಕೊಳ್ಳುವುದು. ನಸೀಮಾ ಟೀಚರಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ನಾಲಿಗೆ ತುರಿಸಿತು. ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಆಡದವಳಿಗೆ ಆ ಗಳಿಗೆಗೆ ಮಾತ್ರ ಕುಂದಾಪುರದ ಮನೆಯ ಕನ್ನಡ ಒದಗಿ ಬಂತು.

"ನಿನ್ನ ಅಬ್ಬನ ಬಣ್ಣ ಬಯಲಾಯ್ತಲ್ಲ ಮಾರಾಯ್ತಿ."

ಕನ್ನಡ ಬಲ್ಲ ನಾಲ್ಕೈದು ಹುಡುಗಿಯರು ನಕ್ಕರು. ಬಾರದವರು ಏನೆಂದು ಕೇಳಿ ತಿಳಿದುಕೊಂಡು ತಡವಾಗಿ ನಕ್ಕರು. ಫರಾಳೂ ನಕ್ಕಳು, ಮುಖ ಮಾತ್ರ ಕೆಂಪಾಗಿತ್ತು.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದ ನಸೀಮಾಳ ಕೈ ತಡೆಯಿತು. ಮೇಜಿನ ಮೇಲೆ ಇದ್ದದ್ದು ಒಂದೇ ಗಾಜಿನ ಕಡ್ಡಿ. ಅದರ ತುದಿಗೆ ಜೇನು ಅಂಟಿತ್ತು, ಅದಕ್ಕಿಂತ ತುಸು ಮೇಲೆ ಕಡ್ಡಿಗೆ ಗಂಜಿ ಒಣಗಿ ಹಿಡಿದಿತ್ತು. ಗಂಜಿ ಕಲಕಿದ ಕಡ್ಡಿಯನ್ನು ತೊಳೆಯದೆ ತಾನೇ ಜೇನಿಗೆ ಅದ್ದಿದ್ದಳು. ಮಕ್ಕಳಿಗೆ ವರ್ಷವಿಡೀ ಮಾಡಬೇಡಿ ಎಂದು ಹೇಳುವ ಕೆಲಸ ಅದು.

ಆಗಲೇ ಓಡಿಹೋಗಿ ಹೇಳಬಹುದಿತ್ತು, ಶಾಲೆಯ ಬಸ್ಸುಗಳು ಇನ್ನೂ ಹೊರಟಿರಲಿಲ್ಲ. ಆದರೆ ಅಷ್ಟು ಮಕ್ಕಳೆದುರು ಟೀಚರಾದವಳು ತಪ್ಪು ಒಪ್ಪಿಕೊಳ್ಳುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡಳು. ಅಂದು ಗುರುವಾರ. ಮುಂದಿನೆರಡು ದಿನ, ಶುಕ್ರವಾರ ಮತ್ತು ಶನಿವಾರ, ಅಲ್ಲಿನ ವಾರದ ರಜೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಊರಿನವರೆಲ್ಲ ಸೇರಿದ್ದ ಊಟದಲ್ಲಿ, ಮಕ್ಕಳ ಬಾಯಿಂದ ಸುದ್ದಿ ಕೇಳಿದ್ದ ಯಾರೋ ನೂರುದ್ದೀನರನ್ನು, ಒಂದು ಬಾಟಲಿಗೆ ಎಷ್ಟು ಸೌಟು ಗಂಜಿ ಎಂದು ತಮಾಷೆಗೆ ಕೇಳಿದರಂತೆ. ಅವರು ತಲೆ ತಗ್ಗಿಸಿ ಉಂಡು ಎದ್ದರಂತೆ. ನಸೀಮಾಳ ಗಂಡ ಇಹ್ಸಾನ್ ಮನೆಗೆ ಬಂದು ಇದನ್ನು ಹೇಳಿ ನಕ್ಕ. ಆ ರಾತ್ರಿ ನೂರುದ್ದೀನರಿಗೆ ನಿಜ ಹೇಳಲೆಂದು ಫೋನನ್ನು ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟಳು.

ಭಾನುವಾರ ನೂರುದ್ದೀನರೇ ಶಾಲೆಗೆ ಬಂದರು. ಹೆಣ್ಣುಮಕ್ಕಳ ವಿಭಾಗದೊಳಗೆ ಗಂಡಸರಿಗೆ ಪ್ರವೇಶವಿಲ್ಲ. ಗೇಟಿನ ಕಾವಲುಗಾರನ ಕೋಣೆಯಲ್ಲಿ ಕೂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ನಸೀಮಾ ಕಡ್ಡಿಯ ಕಥೆಯನ್ನೆಲ್ಲ ಹೇಳಿ ಕ್ಷಮೆ ಕೇಳಿದಳು.

"ಅಂಗಡಿ ವಿಷಯ ಬಿಡಿ ಟೀಚರ್, ಬರುವವರು ಬರ್ತಾರೆ," ಎಂದರು ಅವರು. "ಮಗಳು ನಾಷ್ಟಾಕ್ಕೆ ಜೇನು ಮುಟ್ಟುವುದಿಲ್ಲ. ಅಬ್ಬಾ, ಇದಕ್ಕೆ ಎಂತ ಹಾಕ್ತೀರಿ ಅಂತ ಕೇಳಿದಳು. ಏನೂ ಇಲ್ಲ ಅಂದೆ. ಹಾಗಾದ್ರೆ ಟೀಚರ್ ಸುಳ್ಳು ಹೇಳ್ತಾರಾ ಅಂತ ಕೇಳಿದಳು."

ನಸೀಮಾ ಮತ್ತೆ ಕ್ಷಮಿಸಿ ಎಂದಳು.

"ನಿಮ್ಮ ಕ್ಷಮೆ ನನಗೆ ಬೇಡ ಟೀಚರ್. ಅವಳಿಗೆ ತೋರಿಸಿ."

ಕೊನೆಯ ಪೀರಿಯಡ್ಡಿನಲ್ಲಿ ನಸೀಮಾ ತನ್ನ ತಪ್ಪನ್ನು ಇಂಗ್ಲಿಷಿನಲ್ಲಿ ಹೇಳಿದಳು, ಕನ್ನಡದಲ್ಲೂ ಹೇಳಿದಳು. ಕಡ್ಡಿ ತೊಳೆದು, ಎಲ್ಲರೆದುರೇ ಜೇನಿಗೆ ಹನಿ ಬಿಟ್ಟಳು. ನೀಲಿ ಬರಲಿಲ್ಲ. ಏನೂ ಆಗದ್ದನ್ನು ನೋಡಲು ಯಾರು ಮುಂದೆ ಬಾಗುತ್ತಾರೆ? ಒಬ್ಬಳು, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದಳು. ಗಂಟೆ ಹೊಡೆದದ್ದೇ ಎಲ್ಲರೂ ಬ್ಯಾಗು ಹೊತ್ತು ಹೊರಟರು.

ಫರಾ ಮಾತ್ರ ಮೇಜಿನ ಬಳಿಯೇ ನಿಂತಳು. "ಟೀಚರ್, ಇನ್ನೊಂದು ಸಲ ಹಾಕ್ತೀರಾ?"

ನಸೀಮಾ ಹಾಕಿದಳು. ಬಣ್ಣ ಬದಲಾಗಲಿಲ್ಲ. ಇನ್ನು ಈ ಹುಡುಗಿ ನಗುತ್ತಾಳೆ ಎಂದು ಕಾದಳು.

ಫರಾ ಕಡ್ಡಿಯನ್ನು ಅವಳ ಕೈಯಿಂದ ತೆಗೆದುಕೊಂಡು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದಳು. ಹೊಸ ಗುಳಿಗೆ ಜೇನು ಹಾಕಿದಳು. ತಾನೇ ಹನಿ ಬಿಟ್ಟು, ಮುಖವನ್ನು ತಟ್ಟೆಯ ಹತ್ತಿರಕ್ಕೆ ತಂದು, ಅದು ನೀಲಿಯಾಗುತ್ತದೆಯೋ ಎಂದು ನೋಡುತ್ತ ನಿಂತಳು. ಹೊರಗೆ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇದ್ದ.