ಸೌಟಿನ ಮದುಮಗಳಿಗೆ ಒಂದು ಕೊಡ ನೀರು

"ನೀನು ಮದುಮಗಳನ್ನ ಹೊರೋ ವರ್ಷ ನಮ್ಮ ಮಾಳಿಗೆಯಿಂದ ತುಂಬಿದ ಕೊಡ ಸುರೀತೀನಿ. ಅಂಗಾಲಿನ ತನಕ ನೆನೀತೀಯ, ನೋಡ್ತಿರು." ಮಗಳು ಇಜ್ಜಾ ಪುಟ್ಟವಳಿದ್ದಾಗ ನಾನು ಕೊಟ್ಟ ಮಾತು ಇದು.

ಆ ದಿನ ಅವಳು ಅತ್ತಿದ್ದಳು. ಮದುಮಗಳೆಂದರೆ ಮರದ ಸೌಟು. ಮಳೆ ತಡವಾದರೆ ಅದಕ್ಕೆ ಕೆಂಪು ಬಟ್ಟೆ ಉಡಿಸಿ, ಮಣಿಸರ ಹಾಕಿ, ನಮ್ಮ ಅಟ್ಲಾಸ್ ಬೆಟ್ಟದ ಹುಡುಗಿಯರು ಹಾಡುತ್ತ ಮನೆಮನೆಗೆ ಹೊರುತ್ತಾರೆ. ಹೆಂಗಸರು ಮೇಲಿನಿಂದ ನೀರು ಸುರಿಯುತ್ತಾರೆ. ದೊಡ್ಡ ಹುಡುಗಿಯರೆಲ್ಲ ತೊಯ್ದು ತೊಪ್ಪೆಯಾಗಿ ಕೇಕೆ ಹಾಕುತ್ತಿದ್ದರೆ, ಹಿಂದುಳಿದ ಇವಳ ಮೇಲೆ ಹನಿಯೂ ಬಿದ್ದಿರಲಿಲ್ಲ.

ಆಗ ಮಳೆ ತಡವೆಂದರೆ ತುಸು ತಡ, ಅಷ್ಟೆ. ಅಂಜೂರದ ಎಲೆ ಉದುರುವ ಹೊತ್ತಿಗೆ ಬಂದು ಮೆತ್ತಗೆ ದಿನಗಟ್ಟಲೆ ಹನಿಯುತ್ತಿತ್ತು. ಅಂಗಳದಡಿಯ ತೊಟ್ಟಿ ತುಂಬುತ್ತಿತ್ತು, ಬಾರ್ಲಿ ಬಿತ್ತುತ್ತಿದ್ದೆವು. ಬರಬರುತ್ತ ಅದು ಚಳಿಗಾಲಕ್ಕೆ ಸರಿಯಿತು, ಆಮೇಲೆ ಬಾದಾಮಿ ಹೂ ಬಿಡುವ ಕಾಲಕ್ಕೆ. ಈಗ ಬಂದರೂ ಒಂದೇ ಮಧ್ಯಾಹ್ನ ಬಡಿದು, ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಉತ್ತರಕ್ಕೆ ಫೆಸ್ ಪಟ್ಟಣದ ಕಡೆಯ ಗೋಧಿ ಬಯಲಲ್ಲೂ ಹೀಗೇ ಅಂತೆ, ಊರಿಗೆ ನೀರು ತರುವ ಟ್ಯಾಂಕರಿನವನು ಹೇಳುತ್ತಾನೆ. ಆಡು, ಹೊಲ, ಅಡುಗೆ ಎಂದು ಓಡಾಡುವಾಗಲೂ ನನ್ನ ಕಿವಿ ಮಾಳಿಗೆಯ ನೀರು ತೊಟ್ಟಿಗೆ ಧುಮುಕುವ ಸದ್ದಿಗೇ ಕಾದಿರುತ್ತದೆ.

ಈ ವರ್ಷ ಸೌಟು ಇಜ್ಜಾಳ ಕೈಗೆ ಬಂತು. ಹದಿನೈದರ ಹುಡುಗಿ.

ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಅತ್ತೆ ಯಾಮ್ನಾ ಅಡ್ಡ ಬಂದರು.

"ಟ್ಯಾಂಕರ್ ನೀರೇನೇ? ಆಕಾಶಕ್ಕೆ ಲಾರಿ ನೀರು ತೋರಿಸಿದ್ರೆ ಇನ್ನೊಂದು ಲಾರಿನೇ ಕಳಿಸತ್ತೆ."

"ಅಲ್ಲ ಅತ್ತೆ, ತೊಟ್ಟಿ ತಳದ್ದು. ಇದೇ ಕೊನೇದು."

"ಹಾಗಾದ್ರೆ ಸುರಿ. ಮಣ್ಣು ನೆನೆಯೋ ಹಾಗೆ ಸುರಿ."

ಹಾಡು ಬಾಗಿಲಿಗೆ ಬಂತು. ಇಜ್ಜಾ ಸೌಟನ್ನು ಮೇಲೆತ್ತಿದಳು. ನಾನು ಕೊಡ ಬಗ್ಗಿಸಲು ಹೋದೆ.

"ತಡಿ ಅಮ್ಮ!" ಅವಳು ಹಿಂದಿನವಳ ಕೈಯಿಂದ ಬಟ್ಟೆ ಒಗೆಯುವ ಪ್ಲಾಸ್ಟಿಕ್ ಟಬ್ ಎಳೆದು ಸೌಟಿನ ಕೆಳಗಿಟ್ಟಳು. ತನ್ನ ಪಾದ ಹಿಂದಕ್ಕೆ ತೆಗೆದುಕೊಂಡಳು. "ಹ್ಞೂಂ, ಈಗ. ನಿಧಾನ. ಚೆಲ್ಬೇಡ."

"ನೆಲಕ್ಕೆ ಬೀಳ್ಬೇಕು ಕಣೇ, ಹುಚ್ಚು ಹುಡುಗಿ!" ಅತ್ತೆ ಕೂಗಿದರು.

"ಆಡುಗಳು ಏನು ಕುಡೀತವೆ ಅಜ್ಜಿ? ನಮ್ಮ ಹಾಡಾ?"

ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾನು ಕಾದೆ. ಒಮ್ಮೆಯಾದರೂ ಆ ಟಬ್ ಪಕ್ಕಕ್ಕೆ ತಳ್ಳಿ, ಮುಖ ಮೇಲೆತ್ತಿ, ಸುರಿ ಅಮ್ಮ ಎನ್ನುತ್ತಾಳೇನೋ ಎಂದು. ಅವಳ ಕಣ್ಣು ಟಬ್ಬಿನ ಅಂಚಿನ ಮೇಲೇ ಇತ್ತು.

ನೂಲಿನಷ್ಟು ತೆಳ್ಳಗೆ ಸುರಿದೆ. ಮದುಮಗಳ ಕೆಂಪು ಬಟ್ಟೆ ನೆನೆಯಿತು. ಹೊರಗೆ ಒಂದು ಹನಿಯೂ ಬೀಳಲಿಲ್ಲ. ಸಂಜೆ ಆ ನೀರನ್ನು ಆಡುಗಳು ಕುಡಿದವು.

ಇಜ್ಜಾಳ ಅಂಗಾಲು ಒಣಗಿಯೇ ಇತ್ತು. ಕೊಟ್ಟ ಮಾತನ್ನು ನಾನು ನಡೆಸಿಕೊಡಲಿಲ್ಲ.